ಗಾರೆ ಒಣಗಿದ ಮೇಲಿನ ಹೊಣೆ

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಜಯಲಕ್ಷ್ಮೀವಿಲಾಸ ಅರಮನೆಗೆ ನಮ್ಮ ಕಣ್ಣೆದುರೇ ಒಮ್ಮೆ ಜೀರ್ಣೋದ್ಧಾರವಾಗಿದೆ. ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ಕೊಟ್ಟಿತು. 2006ರ ಹೊತ್ತಿಗೆ ಕೆಲಸ ಮುಗಿಯಿತು, ಕಟ್ಟಡ ಮತ್ತೆ ಜನರೆದುರು ತಲೆಯೆತ್ತಿ ನಿಂತಿತು, ಮೈಸೂರಿನವರು ಸಂತೋಷಪಟ್ಟರು. ಆಮೇಲೆ ಹತ್ತು ಹನ್ನೆರಡು ಮಳೆಗಾಲ ಕಳೆಯುವಷ್ಟರಲ್ಲಿ ಛಾವಣಿ ಸೋರಿ, ಮರ ಕೊಳೆತು, ಗಾರೆ ಉದುರಿ, ಅದೇ ಕಟ್ಟಡ ಶಿಥಿಲಾವಸ್ಥೆಯ ಸುದ್ದಿಯಾಗಿ ಪತ್ರಿಕೆಗಳಿಗೆ ಮರಳಿತು. ಈಗ ಅದರ ಪಶ್ಚಿಮ ಭಾಗದ ದುರಸ್ತಿಗೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವು ಪಡೆದು, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ಇನ್ನೊಂದು ಸುತ್ತಿನ ಕೆಲಸಕ್ಕೆ ಕೈಹಾಕಬೇಕಾಗಿ ಬಂದಿದೆ.

ನೆರವು ಎಲ್ಲಿಂದ ಬಂದರೂ ಸ್ವಾಗತವೇ. ಆದರೆ ಒಂದು ಪ್ರಶ್ನೆಯನ್ನು ಮೈಸೂರಿನವರು, ಈ ವಿಶ್ವವಿದ್ಯಾನಿಲಯದಲ್ಲಿ ಓದಿದವರು, ಕೇಳಲೇಬೇಕು. ಮೊದಲ ಸಲ ರಿಪೇರಿಯಾದ ಕಟ್ಟಡ ಎರಡನೆಯ ಸಲ ಹಾಳಾಗುತ್ತಿದ್ದಾಗ ಅದನ್ನು ನೋಡಿ ಹೇಳುವ ಕೆಲಸ ಯಾರದಾಗಿತ್ತು? ಹೇಳಿದ್ದರೂ ಕೇಳಲೇಬೇಕಾದವರು ಯಾರಿದ್ದರು? ಇದಕ್ಕೆ ಉತ್ತರವಾಗಿ ಒಂದು ಹೆಸರನ್ನೋ ಒಂದು ಹುದ್ದೆಯನ್ನೋ ತೋರಿಸಲು ಆಗುವುದಿಲ್ಲ. ನನ್ನ ವಾದವೆಲ್ಲ ಈ ಖಾಲಿ ಜಾಗದ ಬಗ್ಗೆ. ಕ್ಯಾಂಪಸ್ಸಿನೊಳಗಿನ ಪಾರಂಪರಿಕ ಕಟ್ಟಡದ ದುರಸ್ತಿಯನ್ನು ವಿಶ್ವವಿದ್ಯಾನಿಲಯವೊಂದೇ ನಿಭಾಯಿಸಲಾರದು, ಸರ್ಕಾರದ ಇಲಾಖೆಯೊಂದೇ ನಿಭಾಯಿಸಲಾರದು. ಕೆಲಸ ಆರಂಭವಾಗುವ ಮೊದಲೇ ಬಂದು, ಗಾರೆ ಒಣಗಿ ಉದ್ಘಾಟನೆ ಮುಗಿದ ಮೇಲೂ ಉಳಿಯುವ, 'ಇದು ಸರಿಯಿಲ್ಲ, ನಿಲ್ಲಿಸಿ' ಎನ್ನುವ ಅಧಿಕಾರವುಳ್ಳ ಸ್ಥಳೀಯ ಮೇಲ್ವಿಚಾರಣೆ ಅದಕ್ಕೆ ಬೇಕು.

ಕಟ್ಟಡದ ಚರಿತ್ರೆಯನ್ನು ಸ್ವಲ್ಪ ನೋಡೋಣ, ಏಕೆಂದರೆ ಉಳಿಸುವ ವಾದದ ಬಲ ಅಲ್ಲಿಯೇ ಇದೆ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಈ ಅರಮನೆ ಕುಕ್ಕರಹಳ್ಳಿ ಕೆರೆಯ ಪಶ್ಚಿಮಕ್ಕೆ, ದಿಬ್ಬದ ಮೇಲೆ ಎದ್ದಿತು. ಅವರ ಪತಿ ಎಂ. ಕಾಂತರಾಜ ಅರಸರು ಮುಂದೆ, 1918ರಿಂದ 1922ರವರೆಗೆ, ಮೈಸೂರಿನ ದಿವಾನರಾಗಿದ್ದವರು. ಮೂರು ಭಾಗಗಳ, ನೂರಕ್ಕೂ ಹೆಚ್ಚು ಕೋಣೆಗಳ ವಿಸ್ತಾರವಾದ ಕಟ್ಟಡ ಇದು. ಜೋಡಿ ಕಂಬಗಳು, ಅವುಗಳ ಮೇಲೆ ಐರೋಪ್ಯ ಶೈಲಿಯ ತ್ರಿಕೋನ ಮುಖಭಾಗ, ಆ ಮುಖಭಾಗದಲ್ಲಿ ನಮ್ಮ ಗಜಲಕ್ಷ್ಮಿ. ಒಳಗೆ ಕಲ್ಯಾಣ ಮಂಟಪ, ಕೆತ್ತನೆಯ ಬಾಗಿಲುಗಳು, ಬಣ್ಣದ ಗಾಜು. ಗ್ರೀಸಿನಿಂದ ಬಂದ ಕಂಬದ ವಿನ್ಯಾಸವನ್ನೂ ಮನೆಬಾಗಿಲ ಲಕ್ಷ್ಮಿಯನ್ನೂ ಒಂದೇ ಗೋಡೆಯಲ್ಲಿ ಕೂರಿಸಿದ ಕೈಗಳು ನಮ್ಮ ಊರಿನ ಗಾರೆಯವರದು, ಬಡಗಿಗಳದು.

ಕುವೆಂಪು ಅವರು ಕುಲಪತಿಯಾಗಿದ್ದ ಕಾಲದಲ್ಲಿ, 1959ರಲ್ಲಿ, ಅರಮನೆ ವಿಶ್ವವಿದ್ಯಾನಿಲಯದ ಕೈಗೆ ಬಂತು. ಸ್ನಾತಕೋತ್ತರ ಅಧ್ಯಯನಕ್ಕೆಂದೇ ಒಂದು ಆವರಣ ಬೇಕೆಂದು ಕನಸು ಕಂಡು ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರು ಅವರೇ. ಅದರ ಮುಂದಿನ ಬೆಳವಣಿಗೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 1968ರಲ್ಲಿ ಶುರುವಾದ ಜಾನಪದ ವಸ್ತುಸಂಗ್ರಹಾಲಯ ಈ ಅರಮನೆಯಲ್ಲಿ ನೆಲೆಯೂರಿತು. ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮುಂತಾದವರು ಊರೂರು ತಿರುಗಿ ಸಂಗ್ರಹಿಸಿದ ತೊಗಲು ಗೊಂಬೆ, ಯಕ್ಷಗಾನದ ವೇಷಭೂಷಣ, ಹಳ್ಳಿಮನೆಯ ಪಾತ್ರೆ ಪರಡಿ, ಬೇಸಾಯದ ಸಲಕರಣೆ ಎಲ್ಲವೂ ರಾಜಕುಮಾರಿಯ ಮನೆಯೊಳಕ್ಕೆ ಬಂದವು. ಕನ್ನಡ ನಾಡಿನ ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ನೋಡಿಲ್ಲ. ಯಾವ ಬಾಗಿಲೊಳಗೆ ರೈತನಿಗೆ ಪ್ರವೇಶವೇ ಇರಲಿಲ್ಲವೋ ಅದೇ ಬಾಗಿಲೊಳಗೆ ಅವನ ನೇಗಿಲು ಗೌರವದ ಜಾಗದಲ್ಲಿ ಕೂತಿತು.

ಹೀಗಾಗಿ 'ರಾಜರ ಕಟ್ಟಡವನ್ನು ಪ್ರಜೆಗಳ ದುಡ್ಡಿನಲ್ಲಿ ಏಕೆ ಉಳಿಸಬೇಕು?' ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ಕೇಳಬೇಕಾದ ಪ್ರಶ್ನೆಯೇ. ಅರಮನೆ ಎದ್ದದ್ದು ಪ್ರಜೆಗಳ ಕಂದಾಯದಿಂದ, ಕಟ್ಟಿದ್ದು ಪ್ರಜೆಗಳ ಬೆವರು. ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಅದು ಸಾರ್ವಜನಿಕ ಆಸ್ತಿ. ಸೋರುವ ಛಾವಣಿಯ ಕೆಳಗೆ ನೆನೆದು ಹಾಳಾಗುವುದು ದೊರೆಗಳ ವೈಭವವಲ್ಲ, ಆ ತೊಗಲು ಗೊಂಬೆಗಳು. ತೊಗಲಿಗೆ ತೇವ ತಾಗಿದರೆ ಬೂಸ್ಟು ಹಿಡಿಯುತ್ತದೆ, ಮುರುಟಿಕೊಳ್ಳುತ್ತದೆ, ಬಣ್ಣ ಬಿಡುತ್ತದೆ. ಹಾಗೆ ಹೋದ ಗೊಂಬೆಯನ್ನು ಇನ್ನೊಮ್ಮೆ ಮಾಡಿಸಲು ಅದನ್ನು ಮಾಡಿದ ಕಲಾವಿದರು ಈಗಿಲ್ಲ.

ಕಟ್ಟಡ ಹೇಗೆ ಹಾಳಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯದರ ಆರಂಭದ ಮೈಸೂರು ಕಟ್ಟಡಗಳಲ್ಲಿ ಮದ್ರಾಸ್ ತಾರಸಿ ಸಾಮಾನ್ಯ. ದಪ್ಪ ತೊಲೆಗಳ ಮೇಲೆ ಅಡ್ಡಲಾಗಿ ತೇಗದ ಜಂತೆಗಳು, ಜಂತೆಗಳ ಮೇಲೆ ಸಣ್ಣ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಸೇರಿಸಿದ ಪದರ ಹಾಕಿ, ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಕೊನೆಗೆ ಚಪ್ಪಟೆ ಬಿಲ್ಲೆಗಳು, ಅವುಗಳಿಗೆ ನೀರು ಹರಿಯುವಂತೆ ಸಣ್ಣದೊಂದು ಇಳಿಜಾರು. ಇಂಥ ಛಾವಣಿ ಸರಿಯಾಗಿ ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ಆದರೆ ಮಳೆನೀರಿನ ಒಂದು ಕೊಳವೆಯಲ್ಲಿ ಒಣ ಎಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತ ನೀರು ಬಿಲ್ಲೆಯ ಸಂದಿನಿಂದ ಇಳಿದು, ಜಂತೆಯ ತುದಿ ಗೋಡೆಯೊಳಗೆ ಹುದುಗಿದ ಜಾಗಕ್ಕೆ ಮೊದಲು ತಲುಪುತ್ತದೆ. ಗಾಳಿಯಾಡದ ಆ ಜಾಗದಲ್ಲಿ ಮರ ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಳಗೆ ನಿಂತು ನೋಡಿದರೆ ಜಂತೆ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ದಿನ ತುದಿ ಕಳಚಿಕೊಂಡು ಇಡೀ ಅಂಕಣ ಕೆಳಗಿಳಿಯುತ್ತದೆ. ಅಷ್ಟರಲ್ಲಿ ಗೋಡೆಯ ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿಬೀಜ ಮೊಳೆತು ಬೇರು ಬಿಟ್ಟಿರುತ್ತದೆ. ಈ ಎರಡಕ್ಕೂ ಪರಿಹಾರ ಮಳೆಗಾಲಕ್ಕೆ ಮುಂಚೆ ಒಬ್ಬ ಕೆಲಸಗಾರ ತಾರಸಿ ಹತ್ತಿ ಕೊಳವೆ ಗುಡಿಸಿ, ಗಿಡ ಕಿತ್ತು ಬರುವುದು. ಕೆಲವು ಸಾವಿರ ರೂಪಾಯಿಯ ಕೆಲಸ. ಅದನ್ನು ಮಾಡದೆ ಬಿಟ್ಟದ್ದಕ್ಕೆ ಕೋಟಿಗಳ ಲೆಕ್ಕ ತೆರಬೇಕಾಗುತ್ತದೆ.

ಸೋರಿಕೆ ಕಂಡಾಗ ನಾವು ಮಾಡುವ ರಿಪೇರಿ ಕಟ್ಟಡಕ್ಕೆ ಇನ್ನೂ ದೊಡ್ಡ ಪೆಟ್ಟು. ತಾರಸಿಯ ಮೇಲೆ ಸಿಮೆಂಟು ಕಾಂಕ್ರೀಟು ಸುರಿದರೆ ಮೊದಲೇ ದಣಿದ ಜಂತೆಗಳ ಮೇಲೆ ಟನ್ನುಗಟ್ಟಲೆ ಭಾರ ಬೀಳುತ್ತದೆ. ಗೋಡೆಗೆ ಸಿಮೆಂಟು ಪ್ಲಾಸ್ಟರ್ ಬಳಿದರೆ ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡಂತೆ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಸುಣ್ಣದ ಗಾರೆಯ ಗುಣವೇ ಬೇರೆ. ನೆಲದಿಂದ ಗೋಡೆಗೆ ಏರುವ ತೇವವನ್ನು ಅದು ಹೊರಬಿಡುತ್ತದೆ, ಕಟ್ಟಡ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದಂತೆ ತಾನೂ ಸ್ವಲ್ಪ ಬಾಗುತ್ತದೆ. ಸಿಮೆಂಟು ಬಾಗುವುದಿಲ್ಲ. ಅದರ ಹಿಂದೆ ಸಿಕ್ಕಿಬಿದ್ದ ತೇವ ಹಳೆಯ ಇಟ್ಟಿಗೆಯ ಮೂಲಕ ದಾರಿ ಹುಡುಕುತ್ತದೆ, ಉಪ್ಪು ಹೊರಬಂದು ಇಟ್ಟಿಗೆ ಪುಡಿಯಾಗುತ್ತದೆ. ಹೊರಗಿನಿಂದ ಎರಡು ವರ್ಷ ನುಣುಪಾಗಿ ಕಾಣುವ ಗೋಡೆ ಮೂರನೆಯ ವರ್ಷ ಹಲಗೆ ಹಲಗೆಯಾಗಿ ಕಳಚಿ ಬೀಳುತ್ತದೆ.

ಸುಣ್ಣದ ಕೆಲಸಕ್ಕೆ ಕಾಲ ಬೇಕು. ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ ವಾರಗಟ್ಟಲೆ ಹದಕ್ಕೆ ಬಿಡಬೇಕು, ಮರಳಿನೊಂದಿಗೆ ಗಾಣದಲ್ಲಿ ಅರೆಯಬೇಕು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಬೇಕು. ಒಂದು ಪದರ ಬಿಗಿಯುವ ಮೊದಲು ಇನ್ನೊಂದು ಬಳಿಯುವಂತಿಲ್ಲ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಅದು ಮತ್ತೆ ಕಲ್ಲಾಗಬೇಕು. ನಮ್ಮ ಸರ್ಕಾರಿ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಲ್ಲಿ ಅನುದಾನ ಬಿಡುಗಡೆಯಾಗಿ, ಮಾರ್ಚಿನೊಳಗೆ ಬಿಲ್ಲಾಗದಿದ್ದರೆ ಹಣ ವಾಪಸ್ಸು ಹೋಗುತ್ತದೆಂಬ ಭಯದಲ್ಲಿ ನಡೆಯುವ ಕೆಲಸದಲ್ಲಿ ಸುಣ್ಣಕ್ಕೆ ಜಾಗವೇ ಇರುವುದಿಲ್ಲ. ಎಂಜಿನಿಯರ್ ಸಿಮೆಂಟಿನ ಮೊರೆ ಹೋಗುವುದು ಅಜ್ಞಾನದಿಂದಲೇ ಎಂದು ನಾನು ನಂಬುವುದಿಲ್ಲ. ಹಲವು ಸಲ ಅವನಿಗೆ ಬೇರೆ ದಾರಿಯನ್ನೇ ಬಿಟ್ಟಿರುವುದಿಲ್ಲ.

ಟೆಂಡರಿನ ಕಥೆಯೂ ಹೀಗೇ. ಸಾರ್ವಜನಿಕ ಹಣದ ಖರ್ಚಿನಲ್ಲಿ ಪಾರದರ್ಶಕತೆ ತರಲು ರಾಜ್ಯ 1999ರಲ್ಲಿ ಕಾಯ್ದೆ ಮಾಡಿತು. ಅದು ಬೇಕಾಗಿದ್ದ ಕಾಯ್ದೆ. ಆದರೆ ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ ಎಂಬ ಪದ್ಧತಿ ರಸ್ತೆಗೆ, ಚರಂಡಿಗೆ, ಹೊಸ ಹಾಸ್ಟೆಲ್ಲಿಗೆ ಹೊಂದುವಷ್ಟು ನೂರಿಪ್ಪತ್ತು ವರ್ಷದ ಕಟ್ಟಡಕ್ಕೆ ಹೊಂದುವುದಿಲ್ಲ. ಗೋಡೆ ಬಿಚ್ಚುವವರೆಗೆ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರದ ಕೆಲಸಕ್ಕೆ ಪೈಸೆ ಪೈಸೆಯ ಅಂದಾಜು ಮೊದಲೇ ಬರೆಯಬೇಕೆಂದರೆ ಆ ಅಂದಾಜು ಸುಳ್ಳಾಗುತ್ತದೆ. ತಾಂತ್ರಿಕ ಅರ್ಹತೆಯನ್ನು ಮೊದಲು ಪರೀಕ್ಷಿಸಿ ಆಮೇಲೆ ದರದ ಲಕೋಟೆ ತೆರೆಯುವ ಪದ್ಧತಿಗೆ ನಮ್ಮಲ್ಲಿ ಅವಕಾಶವಿದೆ. ಆ ತಾಂತ್ರಿಕ ಅರ್ಹತೆ ಏನು, ಗುತ್ತಿಗೆದಾರ ಹಿಂದೆ ಸುಣ್ಣದ ಕೆಲಸ ಮಾಡಿದ ಕಟ್ಟಡ ಯಾವುದು, ಅದು ಇವತ್ತು ಹೇಗಿದೆ ಎಂದು ಹೋಗಿ ನೋಡಿ ಬರುವವರು ಬೇಕು. ಸ್ಥಳೀಯ ಸಮಿತಿ ಮಾಡಬೇಕಾದ ಮೊದಲ ಕೆಲಸ ಇದು.

ಮೈಸೂರಿನಲ್ಲಿ ಅಂಥ ಸಮಿತಿಯೇ ಇಲ್ಲ ಎಂದಲ್ಲ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪಾರಂಪರಿಕ ಸಮಿತಿ ಇದೆ, ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಈ ಊರಿನಲ್ಲೇ ಇದೆ, ಚರಿತ್ರೆ ಬಲ್ಲ ವಿದ್ವಾಂಸರಿದ್ದಾರೆ, ವಾಸ್ತುಶಿಲ್ಪಿಗಳಿದ್ದಾರೆ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಇದೆ. ಆದರೆ ಸಮಿತಿಯ ಮಾತು ಬಹುಮಟ್ಟಿಗೆ ಸಲಹೆ. ಹಣ ಒಬ್ಬರ ಕೈಯಲ್ಲಿ, ಟೆಂಡರು ಇನ್ನೊಬ್ಬರ ಕೈಯಲ್ಲಿ, ಕಟ್ಟಡದ ಬೀಗದ ಕೈ ಮತ್ತೊಬ್ಬರ ಬಳಿ. 1961ರ ರಾಜ್ಯ ಸ್ಮಾರಕಗಳ ಕಾಯ್ದೆ ಕಾಪಾಡುವುದು ಸಂರಕ್ಷಿತವೆಂದು ಘೋಷಣೆಯಾದ ಸ್ಮಾರಕಗಳನ್ನು. ಪಾಠ ನಡೆಯುತ್ತಿರುವ ಕಾಲೇಜು, ಪುಸ್ತಕ ತುಂಬಿದ ಗ್ರಂಥಾಲಯ ಆ ಪಟ್ಟಿಗೆ ಸುಲಭವಾಗಿ ಬರುವುದಿಲ್ಲ, ಬಂದರೆ ದಿನನಿತ್ಯದ ಬಳಕೆಗೇ ತೊಡಕು. ಇಂಥವನ್ನು ಕಾಯಬೇಕಾದದ್ದು ನಗರ ಯೋಜನೆಯ ನಿಯಮಗಳು ಮತ್ತು ಈ ಸ್ಥಳೀಯ ಸಮಿತಿ.

ಸಲಹೆ ಮಾತ್ರ ಕೊಡುವ ವ್ಯವಸ್ಥೆಯ ಫಲವನ್ನು ಈ ಊರು ಕಂಡಿದೆ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ 2016ರಲ್ಲಿ ಬಿತ್ತು. ಕೆಡವಿ ಕಟ್ಟಬೇಕೆಂದು ಕೆಲವು ತಜ್ಞರು, ದುರಸ್ತಿ ಮಾಡಿ ಉಳಿಸಬಹುದೆಂದು ಇನ್ನು ಕೆಲವರು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ವಾದ ನಡೆಯುತ್ತಿದ್ದಷ್ಟು ಕಾಲವೂ ಕಟ್ಟಡಗಳು ಮಳೆಯಲ್ಲಿ ನೆನೆಯುತ್ತಲೇ ಇದ್ದವು.

ಕ್ಯಾಂಪಸ್ಸಿನ ವಿಷಯಕ್ಕೆ ಬಂದರೆ ಮಹಾರಾಣಿ ವಿಜ್ಞಾನ ಕಾಲೇಜಿನದು ನೋವಿನ ಕಥೆ. ಮೈಸೂರು ಸೀಮೆಯ ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಂದು ಪ್ರಯೋಗಾಲಯದಲ್ಲಿ ನಿಂತು ವಿಜ್ಞಾನ ಕಲಿತ ಜಾಗ ಅದು. ನೂರು ವರ್ಷ ದಾಟಿದ್ದ ಆ ಕಟ್ಟಡದ ಒಂದು ಭಾಗ 2022ರ ಅಕ್ಟೋಬರಿನ ಮಳೆಗೆ ಕುಸಿಯಿತು. ಕೊನೆಗೆ ಅದನ್ನು ಕೆಡವಿ ಹೊಸದು ಕಟ್ಟುವ ತೀರ್ಮಾನವಾಯಿತು. 2025ರ ಜನವರಿಯಲ್ಲಿ, ಕೆಡವುವ ಕೆಲಸ ನಡೆಯುತ್ತಿದ್ದಾಗ, ಅವಶೇಷದಡಿ ಸಿಕ್ಕಿ ಒಬ್ಬ ಕಾರ್ಮಿಕ ಪ್ರಾಣ ಬಿಟ್ಟ. ಹಳೆಯ ಕಟ್ಟಡ ಅಪಾಯ, ಆದ್ದರಿಂದ ಕೆಡವೋಣ ಎನ್ನುವವರು ಈ ಸಾವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭಾರ ಯಾವ ಗೋಡೆಯ ಮೇಲಿದೆ ಎಂದು ತಿಳಿಯದೆ ಉಳಿಸಲು ಹೋಗುವುದು ಎಷ್ಟು ಅಪಾಯವೋ ತಿಳಿಯದೆ ಕೆಡವಲು ಹೋಗುವುದೂ ಅಷ್ಟೇ ಅಪಾಯ. ಎರಡಕ್ಕೂ ಅದೇ ಜ್ಞಾನ ಬೇಕು, ಅದೇ ನಿಗಾ ಬೇಕು.

ಸುರಕ್ಷತೆಯ ವಾದವನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಮಗಳನ್ನು ಕಾಲೇಜಿಗೆ ಕಳಿಸಿದ ತಾಯಿಗೆ ಕಮಾನಿನ ಚೆಲುವು ಮುಖ್ಯವಲ್ಲ, ಮಗಳು ಸಂಜೆ ಮನೆಗೆ ಬರುವುದು ಮುಖ್ಯ. ಅವಳು ಹೇಳುವುದು ಸರಿ. ಅದಕ್ಕಾಗಿಯೇ ಸಮಿತಿಗೆ 'ಈ ಭಾಗ ಉಳಿಸಲಾಗದು' ಎಂದು ಹೇಳುವ ಧೈರ್ಯವೂ ಅಧಿಕಾರವೂ ಇರಬೇಕು. ಎಲ್ಲವನ್ನೂ ಉಳಿಸಿ ಎಂದು ಹಟ ಹಿಡಿಯುವ ಸಮಿತಿ ಜನರ ನಂಬಿಕೆ ಕಳೆದುಕೊಳ್ಳುತ್ತದೆ. ಕೆಡವುವುದೇ ಆದರೆ ಅಳತೆ ತೆಗೆದು ನಕ್ಷೆ ಬರೆದು, ಫೋಟೊ ದಾಖಲೆ ಮಾಡಿ, ತೇಗದ ತೊಲೆ, ಬಾಗಿಲು, ಕಲ್ಲಿನ ಕಂಬ ಜೋಪಾನವಾಗಿ ಬಿಚ್ಚಿ, ಕಾರಣವನ್ನು ಬರಹದಲ್ಲಿ ಪ್ರಕಟಿಸಿ ಕೆಡವಬೇಕು. ಇಷ್ಟು ಮಾಡಿದ ಊರಿನಲ್ಲಿ ಕೆಡವುವ ತೀರ್ಮಾನ ಸುಲಭಕ್ಕೆ ಆಗುವುದಿಲ್ಲ, ಆದಾಗ ಯಾರೂ ಅದನ್ನು ಅನುಮಾನಿಸುವುದೂ ಇಲ್ಲ.

ಹೊಸ ಕಾಂಕ್ರೀಟು ಕಟ್ಟಡಕ್ಕೆ ಮುಂದುಗಡೆ ಹಳೆಯ ಶೈಲಿಯ ಕಂಬ, ಕಮಾನು ಅಂಟಿಸಿ 'ಪಾರಂಪರಿಕ ಮಾದರಿಯಲ್ಲಿ ನಿರ್ಮಾಣ' ಎಂದು ಫಲಕ ಹಾಕುವ ರೂಢಿ ಈಚೆಗೆ ಹೆಚ್ಚಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಜೀರ್ಣೋದ್ಧಾರ ಊಹೆ ಶುರುವಾದಲ್ಲಿ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ಹೇಳುತ್ತದೆ. ಹೊಸ ಕಾಲದ ಕಟ್ಟಡ ಹೊಸ ಕಾಲದಂತೆ ಇರಲಿ, ಚೆನ್ನಾಗಿರಲಿ, ಹಳೆಯದರ ಪಕ್ಕ ವಿನಯವಾಗಿ ನಿಲ್ಲಲಿ. ಹಳೆಯ ಕಟ್ಟಡದ ಬೆಲೆ ಅದರ ಆಕಾರದಲ್ಲಷ್ಟೇ ಇಲ್ಲ. ಅದನ್ನು ಕಟ್ಟಿದ ಬಗೆಯಲ್ಲಿದೆ, ಅಲ್ಲಿ ನಡೆದದ್ದರಲ್ಲಿದೆ. ಮಹಾರಾಜ ಕಾಲೇಜಿನಲ್ಲಿ ರಾಧಾಕೃಷ್ಣನ್, ಹಿರಿಯಣ್ಣನವರು ಪಾಠ ಹೇಳಿದ್ದು, ಕುವೆಂಪು ವಿದ್ಯಾರ್ಥಿಯಾಗಿ ಬಂದು ಪ್ರಾಂಶುಪಾಲರಾದದ್ದು ಆ ಆವರಣದಲ್ಲೇ. ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯ ಕಟ್ಟೊಂದರಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದ್ದರಿಂದ ಭಾರತದ ಚರಿತ್ರೆಯ ಪಾಠವೇ ಬದಲಾಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಬೆಳಕಿನ ಬಗ್ಗೆ ಉಪನ್ಯಾಸ ಕೊಟ್ಟರು. ಈ ಜಾಗಗಳಿಗೆ ಪ್ರತಿಕೃತಿ ಮಾಡಲಾಗದು.

ವಿಶ್ವವಿದ್ಯಾನಿಲಯದ ಕಡೆಯಿಂದ ಬರುವ ಆಕ್ಷೇಪವೊಂದಿದೆ: ನಾವು ಸ್ವಾಯತ್ತ ಸಂಸ್ಥೆ, ನಮ್ಮ ಕಟ್ಟಡದಲ್ಲಿ ಹೊರಗಿನವರು ಬಂದು ಮೂಗು ತೂರಿಸುವುದು ಏಕೆ? ಪಾಠ, ಸಂಶೋಧನೆ, ನೇಮಕಾತಿಯ ವಿಷಯದಲ್ಲಿ ಸ್ವಾಯತ್ತತೆಯನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಆದರೆ ಕರ್ನಾಟಕದಲ್ಲಿ ಕುಲಪತಿಯ ಅವಧಿ ನಾಲ್ಕು ವರ್ಷ. ಕುಲಸಚಿವರು ಅದಕ್ಕೂ ಮುಂಚೆ ವರ್ಗವಾಗುತ್ತಾರೆ. ಎಂಜಿನಿಯರ್ ನಿವೃತ್ತರಾಗುತ್ತಾರೆ. ಕಟ್ಟಡದ ಆಯುಸ್ಸು ಇವರೆಲ್ಲರ ಅವಧಿಗಿಂತ ಎಷ್ಟೋ ಪಟ್ಟು ದೊಡ್ಡದು. 2006ರ ರಿಪೇರಿಯಲ್ಲಿ ಯಾವ ಜಂತೆ ಬದಲಾಯಿತು, ಯಾವುದನ್ನು ಹಾಗೇ ಬಿಟ್ಟರು, ಯಾವ ಗೋಡೆಗೆ ಏನು ಬಳಿದರು ಎಂಬ ನೆನಪು ಒಂದು ಕಡೆ ಉಳಿಯಬೇಕು. ಜಿಲ್ಲಾಧಿಕಾರಿಯೂ ವರ್ಗವಾಗುವವರೇ ಆದ್ದರಿಂದ ಈಗಿರುವ ಸಮಿತಿಯೂ ಆ ನೆನಪನ್ನು ತಾನಾಗಿ ಇಟ್ಟುಕೊಳ್ಳಲಾರದು. ಕಾಯಂ ಕಾರ್ಯದರ್ಶಿ, ದಾಖಲೆಯ ಕಪಾಟು, ವರ್ಷಕ್ಕೊಂದು ವರದಿ ಇರಲೇಬೇಕು.

ಬೇರೆ ಊರಿನ ಉದಾಹರಣೆ ನೋಡುವುದಾದರೆ ದೂರ ಹೋಗಬೇಕಿಲ್ಲ. ಮುಂಬಯಿಯಲ್ಲಿ 1995ರಲ್ಲೇ ಪಾರಂಪರಿಕ ಕಟ್ಟಡಗಳ ನಿಯಮ ಜಾರಿಗೆ ಬಂತು. ದೇಶದಲ್ಲಿ ಅಂಥ ನಗರ ನಿಯಮಗಳಲ್ಲಿ ಮೊದಲನೆಯದು ಅದು. ಪಟ್ಟಿಯಲ್ಲಿರುವ ಕಟ್ಟಡಕ್ಕೆ ಕೈಹಾಕುವ ಮುನ್ನ ಅಲ್ಲಿನ ಪಾರಂಪರಿಕ ಸಮಿತಿಯ ಮುಂದೆ ಹೋಗಬೇಕು. ಮುಂಬಯಿ ವಿಶ್ವವಿದ್ಯಾನಿಲಯದ ರಾಜಾಬಾಯಿ ಗೋಪುರ ಮತ್ತು ಗ್ರಂಥಾಲಯ 1878ರಲ್ಲಿ ಪೂರ್ಣಗೊಂಡ ಕಟ್ಟಡ. ಇಂಡಿಯನ್ ಹೆರಿಟೇಜ್ ಸೊಸೈಟಿಯ ಮುಂದಾಳತ್ವದಲ್ಲಿ, ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಕೊಟ್ಟ ಹಣದಲ್ಲಿ ಅದರ ದುರಸ್ತಿ ನಡೆದು 2015ರಲ್ಲಿ ಮುಗಿಯಿತು. 2018ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿಗಳಲ್ಲಿ ಅದಕ್ಕೆ ಗೌರವ ಉಲ್ಲೇಖ ಸಿಕ್ಕಿತು. ವಿಶ್ವವಿದ್ಯಾನಿಲಯದ ಸ್ವಾಯತ್ತತೆಗೆ ಇದರಿಂದ ಕುಂದು ಬರಲಿಲ್ಲ. ಗ್ರಂಥಾಲಯ ಗ್ರಂಥಾಲಯವಾಗಿಯೇ ಉಳಿಯಿತು, ಹುಡುಗ ಹುಡುಗಿಯರು ಬಣ್ಣದ ಗಾಜಿನ ಬೆಳಕಿನಲ್ಲಿ ಕೂತು ಓದುತ್ತಾರೆ. ಮುಂಬಯಿಯ ನಿಯಮದಲ್ಲೂ ಕೊರತೆಗಳಿವೆ, ಬಿಲ್ಡರುಗಳ ಒತ್ತಡ ಅಲ್ಲಿಯೂ ಇದೆ. ಆದರೂ ಅನುಮತಿ ಕೇಳಲೇಬೇಕು ಎಂಬ ಒಂದು ಕಟ್ಟುಪಾಡು ಇಡೀ ಚರ್ಚೆಯ ಮಟ್ಟವನ್ನೇ ಬದಲಿಸುತ್ತದೆ.

ಸಮಿತಿಯಲ್ಲಿ ಯಾರಿರಬೇಕು ಎಂಬುದೂ ಮುಖ್ಯ. ಚರಿತ್ರಕಾರರು, ಎಂಜಿನಿಯರುಗಳು ಸಾಲುವುದಿಲ್ಲ. ಸುಣ್ಣದ ಹದವನ್ನು ಬೆರಳಲ್ಲಿ ಮುಟ್ಟಿ ಹೇಳಬಲ್ಲ ಹಿರಿಯ ಗಾರೆಯವನೊಬ್ಬ, ಮರ ಬಡಿದು ಸದ್ದಿನಲ್ಲೇ ಒಳಗಿನ ಕೊಳೆತ ಗುರುತಿಸುವ ಬಡಗಿಯೊಬ್ಬ ಅಲ್ಲಿ ಕುರ್ಚಿಯ ಮೇಲೆ ಕೂತಿರಬೇಕು, ಸಭಾಭತ್ಯೆ ಪಡೆದು, ಸಹಿ ಹಾಕುವ ಹಕ್ಕಿನೊಂದಿಗೆ. 2004ರ ಇಂಟ್ಯಾಕ್ ಸನ್ನದು ಪಾರಂಪರಿಕ ಕುಶಲಕರ್ಮಿಗಳ ಜ್ಞಾನವನ್ನು ಸಂರಕ್ಷಣೆಯ ಭಾಗವೆಂದೇ ಒಪ್ಪಿದೆ. ಆ ಒಪ್ಪಿಗೆ ನಮ್ಮ ಜಿಲ್ಲಾ ಮಟ್ಟದ ಆದೇಶಗಳಲ್ಲಿ ಕಾಣಬೇಕು. ಕಟ್ಟಡವನ್ನು ದಿನಾ ಬಳಸುವ ಅಧ್ಯಾಪಕರು, ಗ್ರಂಥಪಾಲಕರು, ವಿದ್ಯಾರ್ಥಿಗಳು ಇರಬೇಕು. ಎಲ್ಲಿ ಸೋರುತ್ತದೆ ಎಂದು ಮೊದಲು ತಿಳಿಯುವುದು ಅವರಿಗೇ. ಮಾನಸಗಂಗೋತ್ರಿಯಲ್ಲಿ ಚರಿತ್ರೆ, ಪುರಾತತ್ವ, ಜಾನಪದ, ರಸಾಯನಶಾಸ್ತ್ರ, ಭೂವಿಜ್ಞಾನ ಎಲ್ಲ ವಿಭಾಗಗಳೂ ಇವೆ. ಸುಣ್ಣದ ಮಾದರಿಯನ್ನು ಪರೀಕ್ಷಿಸಿ ಅದರಲ್ಲಿ ಮರಳೆಷ್ಟು, ಸುಣ್ಣವೆಷ್ಟು ಎಂದು ಹೇಳುವುದು ಸ್ನಾತಕೋತ್ತರ ವಿದ್ಯಾರ್ಥಿಗೆ ಒಳ್ಳೆಯ ಪ್ರಬಂಧದ ವಿಷಯ. ಕ್ಯಾಂಪಸ್ಸಿನ ಕಟ್ಟಡ ಕ್ಯಾಂಪಸ್ಸಿನ ಪಾಠವೂ ಆದರೆ ಅದನ್ನು ಕಾಯುವವರು ವರ್ಷ ವರ್ಷ ಹುಟ್ಟಿಬರುತ್ತಾರೆ.

ಹಣದ ಮಾತು ಕೊನೆಗೆ. ಜೀರ್ಣೋದ್ಧಾರಕ್ಕೆ ದಾನಿಗಳು ಸಿಗುತ್ತಾರೆ, ಏಕೆಂದರೆ ಅದಕ್ಕೆ ಉದ್ಘಾಟನೆ ಇದೆ, ಫಲಕ ಇದೆ. ಕೊಳವೆ ಗುಡಿಸುವುದಕ್ಕೆ, ಗೆದ್ದಲಿಗೆ ಮದ್ದು ಹೊಡೆಯುವುದಕ್ಕೆ, ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದಕ್ಕೆ ದಾನಿಗಳು ಸಿಗುವುದಿಲ್ಲ. ಆದ್ದರಿಂದ ದೊಡ್ಡ ನೆರವು ಬಂದಾಗಲೆಲ್ಲ ಅದರ ಒಂದು ಪಾಲನ್ನು ನಿರ್ವಹಣೆಯ ಠೇವಣಿಯಾಗಿ ಇಡಬೇಕು, ಅದರ ಬಡ್ಡಿ ಆ ಕಟ್ಟಡಕ್ಕೇ ಸಲ್ಲಬೇಕು, ಖರ್ಚಿಗೆ ಸಮಿತಿಯ ಸಹಿ ಬೇಕು. ಈ ಷರತ್ತಿಲ್ಲದೆ ಬರುವ ಕೋಟಿಗಳು ಮುಂದಿನ ಪೀಳಿಗೆಗೆ ಮತ್ತೊಂದು ಶಿಥಿಲ ಕಟ್ಟಡವನ್ನೇ ಕೊಡುತ್ತವೆ.

ಜಯಲಕ್ಷ್ಮೀವಿಲಾಸದ ಪಶ್ಚಿಮ ಭಾಗದ ಕೆಲಸ ಇದನ್ನೆಲ್ಲ ಸರಿಯಾಗಿ ಶುರು ಮಾಡಲು ಸಿಕ್ಕ ಅವಕಾಶ. ವಿಶ್ವವಿದ್ಯಾನಿಲಯದ ಸಿಂಡಿಕೇಟ್ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಕಟ್ಟಡದ ವಾರ್ಷಿಕ ನಿರ್ವಹಣೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯುವ ವಿಷಯವನ್ನು ಸೇರಿಸಿ, ಪಾರಂಪರಿಕ ಸಮಿತಿಯ ತಪಾಸಣೆಗೆ ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಬಾಗಿಲು ತೆರೆಯಿರಿ, ಆ ವರದಿಯನ್ನು ಕನ್ನಡದಲ್ಲಿ ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸಿ. ಮಾನಸಗಂಗೋತ್ರಿಯಲ್ಲಿ ಓದಿ ಇವತ್ತು ಎಲ್ಲೆಲ್ಲೋ ಇರುವ ಸಾವಿರಾರು ಮಂದಿ ಆ ವರದಿಯನ್ನು ಕೇಳಿ ಪತ್ರ ಬರೆಯಿರಿ.